ಕತ್ತಿ, ಬ್ಲೇಡು ಮತ್ತು ನಮ್ಮವರ ಗಡ್ಡ

ಮೊನ್ನೆ ನಮ್ಮ ಅಳಿಯಂದಿರು ಮಾಲೂರಿನಿಂದ ಬಂದಿದ್ದಾಗ ಅವರ ಹತ್ತಿರ ಒಂದು ಹೊಸ ಬ್ಲೇಡು ಕೇಳಿದೆ. ಅವರು ಮುಖಕ್ಕೆ ಸೋಪಿನ ನೊರೆ ಬಳಿದುಕೊಂಡು, ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ, ಕತ್ತು ಓರೆ ಮಾಡಿಕೊಂಡು ನಿಂತಿದ್ದರು. ನಾನು ರವಿಕೆ ಹೊಲಿದು ಹೊಟ್ಟೆ ಹೊರೆಯುವವಳು. ಹೊಲಿಗೆ ಬಿಚ್ಚುವುದಕ್ಕೆ ಕೇಳುತ್ತಿದ್ದೇನೆ ಎಂದುಕೊಂಡು, ಅದಕ್ಕೆ ಹಳೆಯದೇ ಸಾಕಲ್ಲ ಅತ್ತೆ, ಗೂಡಿನಲ್ಲಿ ಬೇಕಾದಷ್ಟು ಬಿದ್ದಿವೆ ಎಂದರು. ಬೇಡ, ಕಾಗದ ಬಿಚ್ಚದೆ ಇರುವುದೇ ಬೇಕು ಎಂದೆ. ಯಾಕೆ ಎಂದು ಕೇಳದೆ ಕೊಟ್ಟರು. ಒಳ್ಳೆಯ ಹುಡುಗ. ನಾನು ಅದನ್ನು ಒಗೆದು ಮಡಿಸಿಟ್ಟ ಬಿಳಿ ಬಟ್ಟೆಯ ನಡುವೆ ಇಟ್ಟು ಪೆಟ್ಟಿಗೆಗೆ ಬೀಗ ಹಾಕಿದೆ. ಮಗಳು ಹೆರಿಗೆಗೆ ಬಂದಿದ್ದಾಳೆ. ಇವತ್ತೋ ನಾಳೆಯೋ ಎನ್ನುವ ಹಾಗಿದ್ದಾಳೆ.

ಹೆಂಡತಿ ತುಂಬು ಬಸುರಿ, ಗಂಡ ಬೆಳಗಾದರೆ ಗಡ್ಡ ಹೆರೆಯುತ್ತಾನೆ. ಇದನ್ನು ನೋಡಿ ಪಕ್ಕದ ಮನೆಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಮ್ಮ ಕಡೆಯ ಪದ್ಧತಿ ನಿಮಗೂ ಗೊತ್ತಿರಬಹುದು. ಬಸುರಿಯ ಗಂಡ ಹೆರಿಗೆಯಾಗುವ ತನಕ ತಲೆಗಾಗಲಿ ಗಡ್ಡಕ್ಕಾಗಲಿ ಕತ್ತಿ ಸೋಕಿಸಬಾರದು. ಹೆಣ ಹೊರಬಾರದು, ಮನೆಗೆ ಪಾಯ ತೋಡಬಾರದು, ಇನ್ನೂ ಏನೇನೋ ಇವೆ. ಅವೆಲ್ಲ ಮರೆತುಹೋದವು, ಗಡ್ಡ ಒಂದು ಉಳಿದಿದೆ. ಏಕೆಂದರೆ ಗಡ್ಡ ಮುಖದ ಮೇಲೆ ಇರುತ್ತದೆ, ಎಲ್ಲರಿಗೂ ಕಾಣಿಸುತ್ತದೆ. ಪಕ್ಕದ ಮನೆಯಾಕೆಗೆ ನಾನೇನೂ ಹೇಳಲಿಲ್ಲ. ಹೇಳುವುದಕ್ಕೆ ಹೊರಟರೆ ಅದು ಒಂದು ಮಾತಿಗೆ ಮುಗಿಯುವ ಕಥೆಯಲ್ಲ.

ಗಂಡಸರ ಕ್ಷೌರದ ವಿಷಯ ಈ ಹೆಂಗಸಿಗೇನು ಗೊತ್ತು ಎಂದು ನೀವು ಕೇಳಬಹುದು. ಗಂಡಸರು ತಮ್ಮ ಕ್ಷೌರವನ್ನು ಸರಿಯಾಗಿ ನೋಡಿಯೇ ಇರುವುದಿಲ್ಲ. ಕತ್ತಿಯ ಮುಂದೆ ಕೂತರೆ ಕಣ್ಣು ಮುಚ್ಚುತ್ತಾರೆ, ಕನ್ನಡಿಯ ಮುಂದೆ ನಿಂತರೆ ತಮ್ಮ ಅಂದ ನೋಡಿಕೊಳ್ಳುತ್ತಾರೆ. ಪಕ್ಕದಲ್ಲಿ ಬಿಸಿನೀರು ಹಿಡಿದು ನಿಂತವಳಿಗೆ ಕಾಣಿಸುವಷ್ಟು ಅವರಿಗೆ ಕಾಣಿಸುವುದಿಲ್ಲ. ನಾನು ತವರಿನಲ್ಲಿ ಕತ್ತಿಯನ್ನು ನೋಡಿದೆ, ಗಂಡನ ಮನೆಯಲ್ಲಿ ಬ್ಲೇಡನ್ನು ನೋಡಿದೆ. ಎರಡರಲ್ಲಿ ಯಾವುದು ಮೇಲು ಎಂದು ಹೇಳುವ ಹಕ್ಕು ನನಗಿದೆ. ಆ ಹಕ್ಕಿಗೆ ತೆತ್ತದ್ದೂ ಇದೆ.

ನಮ್ಮ ತವರು ಬಂಗಾರಪೇಟೆಗೆ ಹತ್ತಿರದ ಹಳ್ಳಿ. ಆಗ ಎಲ್ಲರೂ ಬೌರಿಂಗ್‌ಪೇಟೆ ಎನ್ನುತ್ತಿದ್ದರು. ಅಲ್ಲಿ ಕ್ಷೌರವೆಂದರೆ ಮುನಿಯಪ್ಪ. ಬಗಲಲ್ಲಿ ತೊಗಲಿನ ಚೀಲ ಇಟ್ಟುಕೊಂಡು ಬಂದು ನಮ್ಮ ಮನೆಯ ಮುಂದಿನ ಹೊಂಗೆ ಮರದ ಕೆಳಗೆ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದ. ನಮ್ಮಪ್ಪ ಅವನ ಎದುರಿಗೆ ಚಕ್ಕಳಮಕ್ಕಳ ಹಾಕಿಕೊಂಡು ಕೂತ ಮೇಲೆ ಅವರ ತಲೆ ಅವರದಲ್ಲ. ಮುನಿಯಪ್ಪ ಮೂಗು ಹಿಡಿದು ಎತ್ತ ತಿರುಗಿಸಿದರೆ ಅತ್ತ. ಊರಿಗೆಲ್ಲ ಜೋರು ಮಾಡುತ್ತಿದ್ದ ನಮ್ಮಪ್ಪನ ಮೂಗು ಹಿಡಿಯುವ ಧೈರ್ಯ ಇದ್ದವನು ಅವನೊಬ್ಬನೇ. ಅಷ್ಟೇ ಅಲ್ಲ, ಕತ್ತಿ ಗಂಟಲ ಮೇಲೆ ಆಡುತ್ತಿರುವಾಗ ನಮ್ಮಪ್ಪ ಗೊರಕೆ ಹೊಡೆಯುತ್ತಿದ್ದರು. ಮನೆಯಲ್ಲಿ ಹೆಂಡತಿ ಮಕ್ಕಳ ಮೇಲೆ ಇರದಿದ್ದ ನಂಬಿಕೆ ಆ ಕತ್ತಿಯ ಮೇಲಿತ್ತು.

ಕತ್ತಿಯ ಗುಣವನ್ನು ಗುಣ ಎಂದೇ ಹೇಳಬೇಕು. ಅದು ಮುನಿಯಪ್ಪನ ತಾತನದಂತೆ. ಮಸೆದು ಮಸೆದು ಅಗಲ ಕಡಿಮೆಯಾಗಿ ಕಿರುಬೆರಳಿನಷ್ಟಾಗಿತ್ತು. ಸಾಣೆಕಲ್ಲಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು ತಿರುವಿ ಮಸೆದು, ಆಮೇಲೆ ಅಂಗೈಗೆ ಸವರಿ, ತನ್ನ ಮುಂಗೈಯ ಒಂದು ಕೂದಲನ್ನು ತೆಗೆದು ನೋಡಿ, ಆಮೇಲೆ ಕೆನ್ನೆಗೆ ಇಡುತ್ತಿದ್ದ. ಅವನು ಕ್ಷೌರ ಮಾಡಿದ ಕೆನ್ನೆ ಮಾರನೆಯ ದಿನದ ತನಕ ಬಾಳೆ ಎಲೆಯ ಬೆನ್ನಿನ ಹಾಗೆ ನುಣುಪಾಗಿರುತ್ತಿತ್ತು. ಬ್ಲೇಡಿನವರ ಕೆನ್ನೆ ಸಂಜೆಗೇ ಚುಚ್ಚುತ್ತದೆ. ಇದು ಹೆಂಡತಿಯರು ಮಾತ್ರ ಹೇಳಬಹುದಾದ ಸಾಕ್ಷಿ, ಹೆಚ್ಚು ಕೇಳಬೇಡಿ.

ಮುನಿಯಪ್ಪನ ಕತ್ತಿಗೆ ವಾರ ತಿಥಿ ಗೊತ್ತಿತ್ತು. ಮಂಗಳವಾರ ಶುಕ್ರವಾರ ಚೀಲದಿಂದ ಹೊರಗೆ ಬರುತ್ತಿರಲಿಲ್ಲ, ಅಮಾವಾಸ್ಯೆಗೆ ಬರುತ್ತಿರಲಿಲ್ಲ. ಕ್ಷೌರವಾದ ಮೇಲೆ ಸ್ನಾನ ಮಾಡದೆ ಹೊಸಲು ದಾಟುವ ಹಾಗಿರಲಿಲ್ಲ. ಯಾರ ಮನೆಯ ಸೊಸೆಗೆ ತಿಂಗಳು ನಿಂತಿದೆ ಎಂಬುದು ಆ ಮನೆಯ ಅತ್ತೆಗಿಂತ ಮೊದಲು ಮುನಿಯಪ್ಪನಿಗೆ ತಿಳಿಯುತ್ತಿತ್ತು. ಏಕೆಂದರೆ ಅವನ ಹೆಂಡತಿ ನರಸಮ್ಮ ಊರಿನ ಸೂಲಗಿತ್ತಿ. ಅಂಥ ಮನೆಯ ಗಂಡಸು ಬಂದು ಕೂತರೆ ಮುನಿಯಪ್ಪ ಚೀಲ ಬಿಚ್ಚುತ್ತಲೇ ಇರಲಿಲ್ಲ, ಸುಮ್ಮನೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಕೂತವನು ಒಂದಷ್ಟು ಹೊತ್ತು ನಾಚಿಕೊಂಡು ಎದ್ದು ಹೋಗುತ್ತಿದ್ದ.

ಇನ್ನೊಂದು ಸಂಗತಿ ಹೇಳಬೇಕು. ಊರಿಗೆಲ್ಲ ಇದ್ದದ್ದು ಆ ಒಂದೇ ಕತ್ತಿ. ಕೂಸಿನ ಹುಟ್ಟುಗೂದಲಿಗೆ ಅದೇ, ಮದುವೆ ಗಂಡಿಗೆ ಅದೇ, ಸತ್ತ ಮನೆಯವರ ತಲೆಗೆ ಅದೇ. ಯಾರ ಕಾಲಿಗಾದರೂ ಮುಳ್ಳು ಮುರಿದರೆ, ಯಾರ ಕಂಕುಳಲ್ಲಾದರೂ ಕುರು ಎದ್ದರೆ ಕುಯ್ಯುವುದಕ್ಕೂ ಅದೇ. ಮಗು ಹುಟ್ಟಿದಾಗ ಮುನಿಯಪ್ಪ ಹೊರಗೆ ಜಗಲಿಯ ಮೇಲೆ ಕೂತಿರುತ್ತಿದ್ದ. ಒಳಗಿನಿಂದ ನರಸಮ್ಮ ಕೂಗಿದರೆ ಬಾಗಿಲ ಸಂದಿಯಿಂದ ಕತ್ತಿ ಕೊಡುತ್ತಿದ್ದ, ಅವಳು ಹೊಕ್ಕುಳಬಳ್ಳಿ ಕುಯ್ದು ಹಿಂದಕ್ಕೆ ಕೊಡುತ್ತಿದ್ದಳು. ಊರಿನಲ್ಲಿ ಹುಟ್ಟಿದವರನ್ನೆಲ್ಲ ತಾಯಿಯಿಂದ ಬಿಡಿಸಿದ್ದು ಆ ಕತ್ತಿಯೇ, ನನ್ನನ್ನೂ ಸೇರಿಸಿ. ಬದುಕಿದವರು ಬದುಕಿದೆವು. ಎಷ್ಟೋ ಕೂಸುಗಳು ತೊಟ್ಟಿಲು ಕಟ್ಟುವ ಮುಂಚೆಯೇ ಹೋಗುತ್ತಿದ್ದವು. ಬಾಲಗ್ರಹ ಎನ್ನುತ್ತಿದ್ದರು. ಹೋದ ಕೂಸಿನ ತಾಯಿ ಮಾರನೆಯ ವರ್ಷ ಮತ್ತೆ ಬಸುರಿಯಾಗುತ್ತಿದ್ದಳು.

ನನ್ನನ್ನು ಕೊಟ್ಟದ್ದು ಕೋಲಾರದ ಚಿನ್ನದ ಗಣಿಯ ಊರಿಗಾಂಗೆ. ನಮ್ಮವರೂ ಹೊಲ ಇದ್ದ ಮನೆಯವರೇ, ಆದರೆ ನಾಲ್ಕು ಅಕ್ಷರ ಓದಿಕೊಂಡು ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಗಣಿಯೊಳಕ್ಕಿಳಿಯುವ ಆಳುಗಳಿಗೆ ನಂಬರಿನ ಬಿಲ್ಲೆ ಕೊಡುವ ಕಿಟಕಿಯ ಹಿಂದೆ ಕೂರುವ ಕೆಲಸ. ಅಲ್ಲಿನ ಬಿಳಿ ದೊರೆಗೆ ಕಿಟಕಿಯ ಹಿಂದಿನ ಮುಖಗಳು ನುಣ್ಣಗಿರಬೇಕು. ವಾರಕ್ಕೊಮ್ಮೆ ಬರುವ ಕತ್ತಿಯನ್ನು ನಂಬಿಕೊಂಡರೆ ಆ ಕೆಲಸ ನಡೆಯುವುದಿಲ್ಲ. ಹಾಗಾಗಿ ನಮ್ಮವರು ಬೆಂಗಳೂರು ದಂಡಿನಿಂದ ಒಂದು ಸೇಫ್ಟಿ ರೇಜರ್ ತಂದುಕೊಂಡಿದ್ದರು. ಹೊಳೆಯುವ ಪುಟ್ಟ ಡಬ್ಬಿ, ಒಳಗೆ ನೀಲಿ ಮಖಮಲ್ಲು, ಅದರ ಮೇಲೆ ಮೂರು ತುಂಡುಗಳಾಗಿ ಮಲಗಿದ ರೇಜರು. ಮದುವೆಯಾದ ಹೊಸದರಲ್ಲಿ ಅದನ್ನು ನೋಡಿ ನನಗೇ ಒಡವೆ ತಂದಿದ್ದಾರೆಂದುಕೊಂಡು ಡಬ್ಬಿ ತೆರೆದವಳು ನಾನು. ಆ ಪೆಚ್ಚು ಮುಖವನ್ನು ಅವರು ಬಹಳ ವರ್ಷ ಆಡಿಕೊಂಡರು.

ಬ್ಲೇಡಿನ ಕ್ಷೌರಕ್ಕೆ ಯಾರೂ ಬೇಕಾಗಿಲ್ಲ. ಮರ ಬೇಡ, ಮುನಿಯಪ್ಪ ಬೇಡ, ಮೂಗು ಹಿಡಿಯುವವರು ಬೇಡ. ಮಂಗಳವಾರವಾದರೂ ಸರಿ, ಅಮಾವಾಸ್ಯೆಯಾದರೂ ಸರಿ. ನಿಂತುಕೊಂಡೇ ಹೆರೆದು, ಮುಖ ತೊಳೆದು, ಅದೇ ಬಟ್ಟೆಯಲ್ಲಿ ಒಳಗೆ ಬಂದು ಮುದ್ದೆಗೆ ಕೂರಬಹುದು. ಹಲ್ಲಿನಂಥ ಒಂದು ಪಟ್ಟಿ ಅಡ್ಡ ಇರುವುದರಿಂದ ಗಂಟಲು ಕುಯ್ದುಕೊಳ್ಳುವ ಭಯವಿಲ್ಲ. ಆದರೆ ಗದ್ದದ ಹಳ್ಳದಲ್ಲಿ ದಿನಾ ಒಂದು ಕೆಂಪು ಚುಕ್ಕೆ ಮೂಡುತ್ತಿತ್ತು, ಅದಕ್ಕೆ ಪಟಿಕದ ತುಂಡು ಉಜ್ಜಿ ಹಲ್ಲು ಕಚ್ಚುತ್ತಿದ್ದರು. ಬ್ಲೇಡು ಮೊಂಡಾದರೆ ಗಾಜಿನ ಲೋಟದ ಒಳಮೈಗೆ ಬೆರಳಿನಿಂದ ಒತ್ತಿ ತಿರುವಿ ತಿರುವಿ ಮಸೆಯುತ್ತಿದ್ದರು. ಒಂದು ದಿನ ನನಗೆ ಮಜ್ಜಿಗೆ ಕೊಟ್ಟದ್ದು ಅದೇ ಲೋಟದಲ್ಲಿ. ನಮ್ಮ ಸಂಸಾರದ ಮೊದಲ ಜಗಳ ಅದು. ಎಷ್ಟು ಮಸೆದರೂ ಬ್ಲೇಡಿಗೆ ಆಯಸ್ಸು ಕಡಿಮೆ. ಅದು ತಾತನಿಂದ ಮೊಮ್ಮಗನಿಗೆ ಬರುವ ವಸ್ತುವಲ್ಲ. ಬರುತ್ತದೆ, ಕೆರೆಯುತ್ತದೆ, ಗೂಡು ಸೇರುತ್ತದೆ. ಅದಕ್ಕೆ ಊರು ಗೊತ್ತಿಲ್ಲ, ಮನೆ ಗೊತ್ತಿಲ್ಲ, ಯಾರ ಹೆಂಡತಿ ಬಸುರಿ ಎಂದು ಗೊತ್ತಿಲ್ಲ.

ನಾನು ಮೊದಲ ಸಲ ಬಸುರಿಯಾದೆ. ಊರಿಗಾಂನ ಹುಣಸೆ ಮರದ ಕೆಳಗೆ ಕೂರುತ್ತಿದ್ದ ಕ್ಷೌರಿಕನಾದರೂ ನಮ್ಮವರನ್ನು ವಾಪಸು ಕಳಿಸುತ್ತಿದ್ದನೋ ಏನೋ, ಬ್ಲೇಡು ಕಳಿಸಲಿಲ್ಲ. ಅವರು ದಿನಾ ಹೆರೆದುಕೊಂಡು ಕಿಟಕಿಗೆ ಹೋದರು. ನಾನು ಹೆರಿಗೆಗೆ ತವರಿಗೆ ಬಂದೆ. ನನ್ನ ಗಂಡ ಗಡ್ಡ ಬಿಟ್ಟಿದ್ದಾನೆಂದು ನಮ್ಮಮ್ಮ ತಾನಾಗಿಯೇ ಅಂದುಕೊಂಡಿದ್ದಳು. ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ.

ನೋವು ಬಂದ ದಿನ ನಡುಮನೆಯಲ್ಲಿ ನಾನು ಒದ್ದಾಡುತ್ತಿದ್ದರೆ, ಹೊರಗೆ ಜಗಲಿಯಲ್ಲಿ ಯಾರೋ ನನಗಿಂತ ಜೋರಾಗಿ ನರಳುತ್ತಿದ್ದರು. ಅದು ನಮ್ಮ ಗಾಡಿ ಹೊಡೆಯುವವನು. ತಿಪ್ಪೆಯಲ್ಲಿ ತುಳಿದ ಮುಳ್ಳು ಹಿಮ್ಮಡಿಯಲ್ಲಿ ಕೀವಾಗಿತ್ತು. ಹೇಗೂ ಕಾಯುತ್ತ ಕೂತಿದ್ದ ಮುನಿಯಪ್ಪ ಅದನ್ನು ಕುಯ್ದು ಹಿಂಡುತ್ತಿದ್ದ. ಅಷ್ಟರಲ್ಲಿ ಒಳಗೆ ಕೂಸು ಅತ್ತಿತು, ನರಸಮ್ಮ ಕತ್ತಿಗೆ ಕೈ ಚಾಚಿದಳು. ಮುನಿಯಪ್ಪ ಪಂಚೆಯ ಚುಂಗಿಗೆ ಒರೆಸಿ ಒಳಕ್ಕೆ ಕೊಟ್ಟ. ಮಲಗಿದ್ದಲ್ಲಿಂದ ನನಗೆ ಬಾಗಿಲ ಸಂದಿಯಲ್ಲಿ ಆ ಒರೆಸುವುದು ಕಾಣಿಸಿತು. ಒರೆಸಿದನಲ್ಲ, ಚೊಕ್ಕಟವಾಗಿ ಕೆಲಸ ಮಾಡುತ್ತಾನೆ ಎಂದು ಆಗ ನನಗೆ ಅನ್ನಿಸಿದ್ದು ಈಗಲೂ ನೆನಪಿದೆ.

ಗಂಡು ಮಗು. ಕಪ್ಪು ಕೂದಲು, ಕೈಕಾಲು ಗಟ್ಟಿಮುಟ್ಟು. ಚೆನ್ನಾಗಿ ಹಾಲು ಕುಡಿಯುತ್ತಿದ್ದದ್ದು, ಒಂದು ಬೆಳಿಗ್ಗೆ ಮೊಲೆ ಬಾಯಿಗಿಟ್ಟರೆ ಕಚ್ಚಲಿಲ್ಲ. ಬಾಯಿ ಬಿಗಿದುಕೊಂಡಿತ್ತು. ಆಮೇಲೆ ಮೈ ಸೆಟೆದು ಬೆನ್ನು ಬಾಗತೊಡಗಿತು. ಬಾಗಿಲು ತೆರೆದು ಬೆಳಕು ಬಿದ್ದರೂ ಸಾಕು, ಮುಟ್ಟಿದರೂ ಸಾಕು, ಮತ್ತೆ ಸೆಟೆಯುತ್ತಿತ್ತು. ಅಳುವುದಕ್ಕೂ ಅದಕ್ಕೆ ಬಾಯಿ ಬರಲಿಲ್ಲ. ನನ್ನ ಹಾಲು ಸೀರೆಯೆಲ್ಲ ನೆನೆಸಿತು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಸುದ್ದಿ ತಿಳಿದು ನಮ್ಮವರು ಮಾರಿಕುಪ್ಪಂ ರೈಲಿನಲ್ಲಿ ಬಂಗಾರಪೇಟೆಗೆ ಬಂದಿಳಿದು, ನಡೆದುಕೊಂಡು ಊರು ಸೇರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆಫೀಸಿನಿಂದ ನೇರ ಬಂದಿದ್ದರು, ಮುಖ ನುಣ್ಣಗಿತ್ತು. ಅಂಗಳದಲ್ಲಿ ಇದ್ದವರೆಲ್ಲ ಆ ಮುಖವನ್ನೇ ನೋಡಿದರು. ಮುನಿಯಪ್ಪ ಹತ್ತಿರ ಬಂದು, ನನಗೆ ಕೇಳಿಸುವ ಹಾಗೆ, "ಸಾಮಿ, ಈ ಕೆನ್ನೆ ಮೇಲೆ ನನ್ ಕತ್ತಿ ಆಡಿಲ್ಲ" ಎಂದ. ಅಷ್ಟೇ ಸಾಕಾಯಿತು. ನಮ್ಮಮ್ಮ ಎದೆ ಹೊಡೆದುಕೊಳ್ಳುವುದನ್ನು ನಿಲ್ಲಿಸಿ ಅಳಿಯನ ಕಡೆ ತಿರುಗಿದಳು.

"ನಿನ್ ಕೆನ್ನೆ ಚಂದಕ್ಕೆ ನನ್ ಮಗಳ ಕೂಸಿನ ಆಯಸ್ಸು ಕೆರ್ಕಂಡ್ಯಲ್ಲಪ್ಪ" ಎಂದಳು.

ನಮ್ಮವರು ಗದ್ದದ ಮೇಲೆ ಕೈಯಿಟ್ಟುಕೊಂಡು ಹೊಂಗೆ ಮರದ ಕೆಳಗೆ ಕೂತರು. ಓದಿದವರು, ಇಂಗ್ಲಿಷಿನಲ್ಲಿ ಹೆಸರು ಬರೆಯುವವರು, ಆ ಒಂದು ಮಾತನ್ನು ನಂಬಿಬಿಟ್ಟರು. ಊರಿಗಾಂಗೆ ಹೋದ ಮೇಲೆ ರೇಜರಿನ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದರು. ದಿನಾ ಬೆಳಗ್ಗೆ ಬೇಗ ಎದ್ದು, ಹೆಚ್ಚು ಕಾಸು ಕೊಟ್ಟು ಒಪ್ಪಿಸಿ, ಹುಣಸೆ ಮರದ ಕ್ಷೌರಿಕನ ಹತ್ತಿರ ಗದ್ದ ಒಡ್ಡಿ ಆಫೀಸಿಗೆ ಹೋಗತೊಡಗಿದರು. ನಾನು ಏನಾದರೂ ಸಮಾಧಾನ ಹೇಳಲು ಹೋದರೆ ಎದ್ದು ಹೊರಗೆ ಹೋಗುತ್ತಿದ್ದರು. ಗಂಡ ಹೆಂಡತಿ ಒಂದೇ ಮನೆಯಲ್ಲಿ ಅತ್ತಿದ್ದೇವೆ, ಒಟ್ಟಿಗೆ ಕೂತು ಅತ್ತದ್ದಿಲ್ಲ.

ಗಣಿಯವರು ಸಾಲಾಗಿ ಕಟ್ಟಿಸಿದ್ದ ನಮ್ಮ ಲೈನಿನಲ್ಲಿ ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆ ಸೆಲ್ವಮ್ಮನದು. ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ. ಅರ್ಧ ತಮಿಳು, ಅರ್ಧ ಕನ್ನಡ, ಬೈಯುವುದಕ್ಕೆ ಮಾತ್ರ ತೆಲುಗು. ಕೊಳಾಯಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತಿದ್ದಾಗ ನನ್ನ ಕೂಸು ಹೋದ ರೀತಿಯನ್ನೆಲ್ಲ ಕೇಳಿದಳು. ಎಲ್ಲರೂ ಕೇಳುತ್ತಿದ್ದದ್ದು ಗಡ್ಡದ ವಿಷಯ. ಇವಳು ಅದನ್ನು ಕೇಳಲಿಲ್ಲ. ಬಳ್ಳಿ ಯಾವುದರಲ್ಲಿ ಕುಯ್ದರು ಎಂದಳು. ಕ್ಷೌರದ ಕತ್ತಿ ಎಂದೆ.

"ನಮ್ ವಾರ್ಡ್ನಲ್ಲಿ ಕತ್ತರೀನ ಕುದಿಯೋ ನೀರಲ್ಲಿ ಆಕ್ತಾರಮ್ಮ. ಯಾಕಂತ ನಂಗೂ ತೆರಿಯಾದು. ಬಾಯಿ ಕಟ್ಟಿದ ಕೊಳಂದೆ ಅಲ್ಲಿ ಒಂದೂ ನೋಡಿಲ್ಲ" ಎಂದಳು.

ಯಾಕೆಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದರೆ ಬಿಂದಿಗೆ ತುಂಬಿ ಹರಿಯುತ್ತಿದ್ದರೂ ನಾನು ಎತ್ತಲಿಲ್ಲ. ಗಾಡಿಯವನ ಹಿಮ್ಮಡಿ, ಆ ಕೀವು, ಪಂಚೆಯ ಚುಂಗು, ಬಾಗಿಲ ಸಂದಿ, ಎಲ್ಲ ಒಂದರ ಹಿಂದೊಂದು ಬಂದು ನಿಂತವು.

ಮತ್ತೆ ಬಸುರಿಯಾದಾಗ ತವರಿಗೆ ಹೋಗಿ ಮೊದಲು ಕೇಳಿದ್ದು ನರಸಮ್ಮನನ್ನು. ಕತ್ತಿಯನ್ನು ಕುದಿಸಿ ಕುಯ್ಯುತ್ತೀಯಾ ಎಂದೆ. ಅವಳು ನಕ್ಕಳು. ಕುದಿಸಿದರೆ ಅಲಗಿನ ಪದನು ಹೋಗುತ್ತದೆ, ಆಮೇಲೆ ಸೌದೆ ಸೀಳುವುದಕ್ಕೂ ಬರುವುದಿಲ್ಲ, ನನ್ನ ಗಂಡನ ಬಾಯಿಗೆ ಮಣ್ಣು ಹಾಕುತ್ತೀಯಾ ತಾಯಿ ಎಂದಳು. ಅದೂ ನಿಜವೇ. ಆ ಕತ್ತಿಯೇ ಅವರ ಹೊಲ, ಅವರ ಮನೆ. ಆಸ್ಪತ್ರೆಯ ಹೆಸರೆತ್ತಿದರೆ ನಮ್ಮಮ್ಮ ಊಟ ಬಿಡುತ್ತಿದ್ದಳು. ಅಲ್ಲಿಗೆ ಹೋದ ಹೆಂಗಸರು ಚಾಪೆಯಲ್ಲಿ ಸುತ್ತಿಕೊಂಡು ಬರುತ್ತಾರೆ ಎಂದು ಅವಳ ಖಚಿತ ನಂಬಿಕೆ.

ಇತ್ತ ನಮ್ಮವರು ಗಡ್ಡ ಬಿಟ್ಟರು. ತಿಂಗಳು ನಿಂತ ಸುದ್ದಿ ಹೇಳಿದ ದಿನದಿಂದಲೇ ಹುಣಸೆ ಮರದ ಕಡೆ ಹೋಗಲಿಲ್ಲ. ದೊರೆ ಒಂದು ಸಲ ಹೇಳಿದ, ಎರಡು ಸಲ ಹೇಳಿದ. ಆಮೇಲೆ, ಈ ಮುಖ ನನ್ನ ಕಿಟಕಿಯಲ್ಲಿ ಬೇಡ, ಕೆಳಗೆ ಕತ್ತಲೆಯಲ್ಲಿ ಯಾರೂ ನೋಡುವುದಿಲ್ಲ ಎಂದು ಅವರನ್ನು ಸುರಂಗಕ್ಕೆ ಹಾಕಿದ. ಅದಿರು ತುಂಬಿ ಹೋಗುವ ಟ್ರಾಲಿಗಳ ಲೆಕ್ಕ ಹಿಡಿಯುವ ಕೆಲಸ. ಕಲ್ಲು ಕೊರೆಯುವ ಮಿಷನ್ನುಗಳ ಹಿಂದೆಯೇ ದಿನವೆಲ್ಲ ನಿಲ್ಲಬೇಕು. ಬೇಡ, ಗಡ್ಡ ತೆಗೆದುಹಾಕಿ, ನನಗೆ ಆ ನಂಬಿಕೆ ಇಲ್ಲ ಎಂದೆ. ಅವರು ಬಿಲ್ಲೆ ತೆಗೆದುಕೊಂಡು ಹೊರಟರು. ಇಷ್ಟು ದಿನ ತಾವು ಬೇರೆಯವರಿಗೆ ಕೊಡುತ್ತಿದ್ದ ಬಿಲ್ಲೆಯನ್ನು ಅದೇ ಕಿಟಕಿಯಲ್ಲಿ ಕೈಚಾಚಿ ಇಸಿದುಕೊಂಡು ಆಳುಗಳನ್ನು ಹೊತ್ತೊಯ್ಯುವ ಕೇಜಿನಲ್ಲಿ ಇಳಿದರು. ಸಂಜೆ ಬಂದಾಗ ಹೊಸ ಗಡ್ಡದ ತುಂಬ ಬೂದು ಬಣ್ಣದ ಧೂಳು ಕೂತಿರುತ್ತಿತ್ತು. ಕೊಡವಿಕೊಂಡರೆ ಕೆಮ್ಮು ಬರುತ್ತಿತ್ತು.

ಹೆರಿಗೆಗೆ ನನ್ನನ್ನು ತವರಿಗೆ ಬಿಡಲು ಬಂದಾಗ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಊರಿನ ಎತ್ತಿನ ಗಾಡಿಗೆ ಕಾಯುತ್ತ ಕೂತಿದ್ದೆವು. ಅಲ್ಲಿ ಕೇಳಿದೆ. ಟ್ರಂಕಿನ ತಳದ ಡಬ್ಬಿಯಲ್ಲಿ ಕಾಗದ ಬಿಚ್ಚದ ಬ್ಲೇಡು ಇದೆಯಲ್ಲ, ಹೆರಿಗೆ ಹೊತ್ತಿಗೆ ಒಂದು ತಂದುಕೊಡಿ, ಅದು ಯಾರ ಮೈಯನ್ನೂ ಮುಟ್ಟಿಲ್ಲ, ಬಳ್ಳಿ ಅದರಲ್ಲಿ ಕುಯ್ಯಲಿ ಎಂದೆ. ಸೆಲ್ವಮ್ಮನ ಮಾತನ್ನೂ ಹೇಳಿದೆ. ಅವರು ಕೂತಲ್ಲಿಂದ ಎದ್ದು ನಿಂತರು.

"ಅದು ಆಗ್ಲೇ ಒಂದನ್ನ ತಿಂದೈತೆ. ಅದನ್ನ ಮುಟ್ಟಿದ ಕೈಲಿ ಇನ್ನೊಂದ್ ಕೂಸು ಎತ್ಕಳಲ್ಲ ನಾನು" ಎಂದರು.

ಗಾಡಿ ಬಂತು. ನಾನು ಹತ್ತಿ ಕೂತೆ. ಊರು ಸೇರುವ ತನಕ ಅವರು ಗಾಡಿಯ ಹಿಂದೆಯೇ ನಡೆದು ಬಂದರು, ನನ್ನ ಪಕ್ಕದಲ್ಲಿ ಕೂರಲಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಬರುವ ಕೂಸನ್ನು ನೆನೆಯುತ್ತಿರಲಿಲ್ಲ, ಕತ್ತಿಯನ್ನು ನೆನೆಯುತ್ತಿದ್ದೆ. ಮುನಿಯಪ್ಪ ಮರದ ಕೆಳಗೆ ಯಾರಿಗೆ ಏನು ಕುಯ್ಯುತ್ತಿದ್ದಾನೆ ಎಂದು ಕಿಟಕಿಯಲ್ಲಿ ನೋಡುವುದೇ ನನ್ನ ಕೆಲಸವಾಯಿತು. ಬಸುರಿಗೆ ಹುಚ್ಚು ಹಿಡಿದಿದೆ ಎಂದು ನಮ್ಮಮ್ಮ ತಾಯಿತ ಕಟ್ಟಿಸಿದಳು. ಕಟ್ಟಿಸಿಕೊಂಡೆ. ನನಗೇ ನನ್ನ ಮಾತಿನ ಮೇಲೆ ಪೂರ್ತಿ ಧೈರ್ಯ ಇರಲಿಲ್ಲ. ಗಡ್ಡವೇ ನಿಜವಿರಬಹುದು, ಕತ್ತಿಯೇ ನಿಜವಿರಬಹುದು. ಎರಡು ಕಡೆಯೂ ಹೆದರಿಕೊಂಡೇ ದಿನ ದೂಡಿದೆ.

ನೋವು ಮಧ್ಯಾಹ್ನಕ್ಕೆ ಬಂತು. ನರಸಮ್ಮ ಒಳಗೆ, ಮುನಿಯಪ್ಪ ಜಗಲಿಯಲ್ಲಿ, ಎಲ್ಲ ಹಿಂದಿನ ಹಾಗೆಯೇ. ಯಾರೋ ಹೇಳಿ ಕಳಿಸಿ ನಮ್ಮವರೂ ಬಂದು ಸೇರಿದರು. ಕೇಜಿನಿಂದ ಹತ್ತಿದವರು ಮನೆಗೆ ಒಂದು ಗಳಿಗೆ ಹೋಗಿ, ಮೈ ಕೂಡ ತೊಳೆಯದೆ ರೈಲು ಹಿಡಿದಿದ್ದರಂತೆ. ಕೂಸು ಅತ್ತಿತು. ಹೆಣ್ಣು ಎಂದಳು ನರಸಮ್ಮ. ಎಂದಿನಂತೆ ಬಾಗಿಲ ಕಡೆ ಕೈ ಚಾಚಿದಳು. ನಾನು ಆ ಕೈ ಹಿಡಿದುಕೊಂಡೆ, ಬಿಡಲಿಲ್ಲ. ನಮ್ಮಮ್ಮ ನನ್ನ ಬೆರಳು ಬಿಡಿಸಲು ನೋಡಿದಳು. ಆಗ ಬಾಗಿಲ ಸಂದಿಯಲ್ಲಿ ಕತ್ತಿಯ ಬದಲು ಬೇರೊಂದು ಕೈ ಬಂತು. ಉಗುರಿನ ಸಂದಿಯಲ್ಲೆಲ್ಲ ಕಲ್ಲಿನ ಬೂದು ಧೂಳು. ಬೆರಳುಗಳ ನಡುವೆ ಕಾಗದ ಬಿಚ್ಚದ ಬ್ಲೇಡು ಇತ್ತು.

ನಮ್ಮಮ್ಮನಿಗೆ ಅದೇನೆಂದು ಗೊತ್ತಾಗುವುದಕ್ಕೆ ಒಂದು ಕ್ಷಣ ಹಿಡಿಯಿತು. ಆ ಮಾರಿಯನ್ನು ಮತ್ತೆ ನನ್ನ ಮನೆಯೊಳಕ್ಕೆ ತರುತ್ತೀಯಾ ಎಂದು ಬಾಗಿಲಿಗೆ ಅಡ್ಡ ನಿಂತಳು.

"ಅವಳು ಕೇಳ್ದಂಗೆ ಆಗ್ಲಿ ಬಿಡಿ ಅತ್ತೆ. ನೀವ್ ಏಳ್ದಂಗೆ ಗಡ್ಡ ಬಿಟ್ಟಿದೀನಿ. ಕೆಳಕ್ಕೂ ಇಳ್ದಿದೀನಿ. ಇನ್ನೇನ್ ಮಾಡ್ಲಿ ನಾನು" ಎಂದರು ನಮ್ಮವರು ಹೊರಗಿನಿಂದ. ಅಷ್ಟು ದೊಡ್ಡವರು ಬಾಗಿಲ ಹೊರಗೆ ನಿಂತು ಬಿಕ್ಕುತ್ತಿದ್ದದ್ದು ನನಗೆ ಕೇಳಿಸಿತು.

ನಮ್ಮಮ್ಮ ಪಕ್ಕಕ್ಕೆ ಸರಿದಳು. ನರಸಮ್ಮ ಕಾಗದ ಬಿಚ್ಚಿ ಆ ತೆಳ್ಳನೆಯ ತಗಡನ್ನು ಅತ್ತ ಇತ್ತ ತಿರುಗಿಸಿದಳು. ಹಿಡಿಯುವುದಕ್ಕೆ ಹಿಡಿಯೇ ಇಲ್ಲವಲ್ಲ ಎಂದು ಗೊಣಗಿದಳು. ಬಳ್ಳಿ ಒಂದೇ ಎಳೆತಕ್ಕೆ ಕುಯ್ದುಕೊಂಡಿತು, ಜೊತೆಗೆ ಅವಳ ಹೆಬ್ಬೆರಳೂ ಕುಯ್ದುಕೊಂಡಿತು. ಈ ಹಾಳು ಕಬ್ಬಿಣಕ್ಕೆ ಎರಡು ಕಡೆಯೂ ಬಾಯಿ ಎಂದು ಬೆರಳನ್ನು ಬಾಯಿಗಿಟ್ಟುಕೊಂಡಳು. ಹೊರಗೆ ಮುನಿಯಪ್ಪ ತನ್ನ ಕತ್ತಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದು ಹೋದ. ಊರಿನಲ್ಲಿ ಅವನ ಕತ್ತಿ ಒಂದು ಮನೆಯ ಹೆರಿಗೆಯಿಂದ ಹಾಗೆಯೇ ಮರಳಿದ್ದು ಅದೇ ಮೊದಲು. ಅವನ ಮೇಲೆ ನನಗೆ ಇವತ್ತಿಗೂ ಕೋಪವಿಲ್ಲ. ನರಸಮ್ಮನ ಸ್ವಂತ ಕೂಸುಗಳೇ ಬಾಯಿ ಬಿಗಿದು ಹೋಗಿದ್ದವು, ಅದೇ ಕತ್ತಿಯಲ್ಲಿ.

ಈ ಕೂಸು ಮೊಲೆ ಬಿಡಲೇ ಇಲ್ಲ. ಒಂದೊಂದು ಬೆಳಿಗ್ಗೆಯೂ ನಾನು ಅದರ ಬಾಯಿ ಮುಟ್ಟಿ ನೋಡುತ್ತಿದ್ದೆ. ಬಾಯಿ ತೆರೆದುಕೊಳ್ಳುತ್ತಿತ್ತು. ತೊಟ್ಟಿಲು ಕಟ್ಟಿದರು, ಹೆಸರಿಟ್ಟರು. ಗಡ್ಡ ಬಿಟ್ಟದ್ದು ಸಾರ್ಥಕವಾಯಿತು ಎಂದು ನಮ್ಮಮ್ಮ ಊರೆಲ್ಲ ಹೇಳಿಕೊಂಡು ಬಂದಳು. ಬ್ಲೇಡಿನ ಮಾತು ಯಾರೂ ಎತ್ತಲಿಲ್ಲ. ಮುನಿಯಪ್ಪನೇ ಬಂದು ಹೊಂಗೆ ಮರದ ಕೆಳಗೆ ನಮ್ಮವರ ಮೂಗು ಹಿಡಿದು ಆ ಗಡ್ಡ ತೆಗೆದ. ಕೆಳಗೆ ಬಿದ್ದ ಕೂದಲು ಆ ವಯಸ್ಸಿಗೆ ಕಪ್ಪಗಿರಬೇಕಾಗಿತ್ತು, ಬೂದಿಯ ಬಣ್ಣವಾಗಿತ್ತು.

ನುಣ್ಣಗಿನ ಮುಖ ಹೊತ್ತುಕೊಂಡು ನಮ್ಮವರು ಆಫೀಸಿಗೆ ಹೋದರೆ ಕಿಟಕಿಯ ಹಿಂದೆ ಬೇರೆಯವನು ಕೂತಿದ್ದ. ದೊರೆಗೆ ಅವನ ಮುಖ ಒಪ್ಪಿಗೆಯಾಗಿತ್ತು. ಸ್ವಲ್ಪ ದಿನ ಕೆಳಗೇ ಇರು, ನೋಡೋಣ ಎಂದ. ಆ ಸ್ವಲ್ಪ ದಿನ ನಮ್ಮ ಮಗಳು ಲಂಗದಿಂದ ದಾವಣಿಗೆ ಬರುವ ತನಕ ಮುಂದುವರಿಯಿತು. ನಮ್ಮವರು ಒಂದು ದಿನವೂ ಗೊಣಗಲಿಲ್ಲ. ಸಂಜೆ ಹೊಸಲ ಮೇಲೆ ಕೂತು ಮಗಳು ಕುಂಟೆಬಿಲ್ಲೆ ಆಡುವುದನ್ನು ನೋಡುತ್ತ ಗದ್ದ ಸವರಿಕೊಳ್ಳುತ್ತಿದ್ದರು. ಆ ಸವರಿಕೊಳ್ಳುವುದರ ಅರ್ಥ ನನಗೆ ಗೊತ್ತಿತ್ತು. ಕೊಟ್ಟದ್ದಕ್ಕೆ ಬಂದದ್ದು ಇದು ಎಂದು ಅವರು ತೃಪ್ತಿಪಟ್ಟುಕೊಳ್ಳುತ್ತಿದ್ದರು. ರೇಜರಿನ ಡಬ್ಬಿ ಟ್ರಂಕಿನಲ್ಲೇ ಇತ್ತು. ಅದನ್ನು ಅವರು ಮತ್ತೆ ಮುಟ್ಟಲಿಲ್ಲ.

ಕೆಮ್ಮು ಮೊದಲು ಬೆಳಿಗ್ಗೆ ಮಾತ್ರ ಇತ್ತು. ಆಮೇಲೆ ಮಾತಿನ ನಡುವೆ ಬಂತು, ಆಮೇಲೆ ಮಾತನ್ನೇ ತಿಂದಿತು. ಎದೆಯಲ್ಲಿ ಕಲ್ಲಿನ ಧೂಳು ಕೂತಿದೆ, ಅದನ್ನು ತೆಗೆಯುವ ಔಷಧಿ ಇಲ್ಲ ಎಂದರು ಆಸ್ಪತ್ರೆಯವರು. ನೆಲದ ಕೆಳಗಿನ ಚಿನ್ನ ಯಾರ ಯಾರ ಮನೆಗೋ ಹೋಯಿತು, ಕಲ್ಲು ನಮ್ಮ ಮನೆಗೆ ಬಂತು. ಲೈನಿನವರಿಗೆ ಕೆಮ್ಮುವವರೆಲ್ಲ ಕ್ಷಯದವರೇ. ಹುಣಸೆ ಮರದ ಕ್ಷೌರಿಕ ಬರುವುದನ್ನು ನಿಲ್ಲಿಸಿದ. ಅವನಿಗೂ ಹೆಂಡತಿ ಮಕ್ಕಳಿದ್ದರು, ಹೆದರಿದ. ನಮ್ಮವರ ಬತ್ತಿದ ಕೆನ್ನೆಯ ಮೇಲೆ ಗಡ್ಡ ಮತ್ತೆ ಬೆಳೆಯಿತು. ಅದನ್ನು ನನಗೆ ನೋಡಲಾಗಲಿಲ್ಲ.

ಒಂದು ಬೆಳಿಗ್ಗೆ ಟ್ರಂಕಿನ ತಳದಿಂದ ಡಬ್ಬಿ ತೆಗೆದೆ. ಮಖಮಲ್ಲು ಮಾಸಿತ್ತು, ರೇಜರು ಹೊಳೆಯುತ್ತಲೇ ಇತ್ತು. ಬ್ಲೇಡು ಹಾಕಿ ತಿರುಪಿದೆ. ಅವರು ನೋಡಿದರು, ಬೇಡ ಎನ್ನಲಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ಬಿಸಿನೀರು ಹಚ್ಚಿ, ನೊರೆ ಬಳಿದೆ. ನನಗೆ ಆ ಕೆಲಸ ಬರುತ್ತಿರಲಿಲ್ಲ. ಎರಡು ಕಡೆ ಗಾಯ ಮಾಡಿದೆ. ಮುನಿಯಪ್ಪನೇ ವಾಸಿ ಎಂದು ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಲ್ಲುವ ತನಕ ರೇಜರು ಎತ್ತಿ ಹಿಡಿದುಕೊಂಡು ಕಾದೆ. ಹೊರಗೆ ಮಗಳು ಪಾತ್ರೆ ತೊಳೆಯುತ್ತಿದ್ದ ಸದ್ದು ಬರುತ್ತಿತ್ತು. ಅವರು ಆ ಸದ್ದಿನ ಕಡೆ ಕಿವಿಗೊಟ್ಟರು.

"ಲೇ, ಒಂದ್ ಮಾತ್ ಕೇಳ್ತೀನಿ, ನಿಜ ಏಳು" ಎಂದರು. "ಅವತ್ತು ಪಾಪೂನ ಉಳ್ಸಿದ್ದು ಯಾವ್ದೇ? ನನ್ ಗಡ್ಡನಾ, ಈ ಬ್ಲೇಡಾ?"

ಇಷ್ಟು ವರ್ಷ ಅವರು ಅದನ್ನು ಕೇಳಿರಲಿಲ್ಲ. ನನ್ನ ಕೈಯಲ್ಲಿ ರೇಜರು ಇತ್ತು. ಅಷ್ಟು ಹೊತ್ತಿಗೆ ನನಗೆ ಒಂದು ಚೂರೂ ಅನುಮಾನ ಉಳಿದಿರಲಿಲ್ಲ. ಲೈನಿನಲ್ಲಿ ಎಷ್ಟೋ ಹೆರಿಗೆಗಳಿಗೆ ನಾನೇ ಹೊಸ ಬ್ಲೇಡು ಹಿಡಿದುಕೊಂಡು ಓಡಿದ್ದೆ, ಅವುಗಳಲ್ಲಿ ಒಂದು ಕೂಸೂ ಬಾಯಿ ಬಿಗಿದುಕೊಂಡಿರಲಿಲ್ಲ. ಆ ಕೂಸುಗಳ ಅಪ್ಪಂದಿರಲ್ಲಿ ಗಡ್ಡ ಬಿಟ್ಟವರೂ ಇದ್ದರು, ಹೆರೆದುಕೊಂಡವರೂ ಇದ್ದರು. ನಮ್ಮವರ ಎದೆ ಏಳುವುದೂ ಇಳಿಯುವುದೂ ನನಗೆ ಕೇಳಿಸುತ್ತಿತ್ತು.

"ನಿಮ್ ಗಡ್ಡಾನೇ ಕಣ್ರೀ" ಎಂದೆ. "ಬ್ಲೇಡಿಗೇನ್ ಗೊತ್ತು."

"ಅಂಗಾದ್ರೆ ಸರಿ ಬಿಡು" ಎಂದು, ಮಿಕ್ಕದ್ದನ್ನೂ ಹೆರೆಯಲಿ ಎಂದು, ಕಣ್ಣು ಮುಚ್ಚಿ ಗದ್ದ ಮೇಲೆತ್ತಿ ಕೊಟ್ಟರು.